ಬ್ಯಾಂಕ್ ಹರಾಜಿನ ಮನೆ: ಬಿಡ್ ಹಾಕುವ ಮುನ್ನ ಪರೀಕ್ಷೆ ಮಾಡಿಸಿ

ದಿನಪತ್ರಿಕೆಗಳಲ್ಲಿ ಬ್ಯಾಂಕುಗಳ ಹರಾಜು ಪ್ರಕಟಣೆ ಆಗಾಗ ಬರುತ್ತಿರುತ್ತದೆ. ಸಾಲ ತೀರಿಸಲಾಗದವರ ಮನೆ, ನಿವೇಶನ, ಅಂಗಡಿಗಳನ್ನು ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಸ್ವಾಧೀನಕ್ಕೆ ಪಡೆದು ಮಾರುತ್ತದೆ. ಸುತ್ತಲಿನ ದರಕ್ಕಿಂತ ಕಡಿಮೆಗೆ ಸಿಗಬಹುದೆಂದು ಅನೇಕ ಕುಟುಂಬಗಳು ಜೀವಮಾನದ ಉಳಿತಾಯವನ್ನು ಇದರಲ್ಲಿ ಹಾಕುತ್ತವೆ. ಸಾವಿರ ರೂಪಾಯಿ ಸೀರೆಯನ್ನು ಮಡಿಕೆ ಬಿಚ್ಚಿ ನೋಡಿ ಕೊಳ್ಳುವವರೇ ಲಕ್ಷಾಂತರ ರೂಪಾಯಿ ಮನೆಗೆ ಫೋಟೋ ನೋಡಿ ಬಿಡ್ ಹಾಕುವುದುಂಟು. ನಷ್ಟ ಶುರುವಾಗುವುದು ಅಲ್ಲಿಯೇ.

ಇದ್ದದ್ದು ಇದ್ದಂತೆ

ಪ್ರಕಟಣೆಯಲ್ಲಿ "ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ" ಎಂಬ ಷರತ್ತು ಇರುತ್ತದೆ. ಅಂದರೆ ತಾರಸಿ ಸೋರಿದರೂ, ಗೋಡೆ ಬಿರಿದಿದ್ದರೂ ರಿಪೇರಿ ಖರ್ಚು ಕೊಂಡವರದೇ. ಹರಾಜು ಗೆದ್ದವರು ಠೇವಣಿಯೂ ಸೇರಿ ಬೆಲೆಯ ಶೇ. 25ನ್ನು ಅದೇ ದಿನ ಅಥವಾ ಮರು ಕೆಲಸದ ದಿನದೊಳಗೆ ಕಟ್ಟಬೇಕು. ಮಾರಾಟ ಖಚಿತವಾದ 15 ದಿನಗಳಲ್ಲಿ ಉಳಿದದ್ದನ್ನು ಕಟ್ಟಬೇಕು. ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಈ ಗಡುವು ಗರಿಷ್ಠ ಮೂರು ತಿಂಗಳವರೆಗೆ ಮುಂದುವರಿಯಬಹುದು. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. 60 ಲಕ್ಷದ ಮನೆಯಾದರೆ 15 ಲಕ್ಷ ಹೋದಂತೆ! ಆದ್ದರಿಂದ ಪರೀಕ್ಷೆ ಏನಿದ್ದರೂ ಬಿಡ್‌ಗೆ ಮೊದಲೇ ಆಗಬೇಕು.

ಮನೆ ನೋಡಲು ಅವಕಾಶವಿದೆಯೇ?

ಮೊದಲ ಹರಾಜಿಗೆ 30 ದಿನಗಳ ನೋಟಿಸ್ ಇರುತ್ತದೆ. ಈ ಅವಧಿಯಲ್ಲಿ ಬ್ಯಾಂಕಿನ ಅಧಿಕೃತ ಅಧಿಕಾರಿಯನ್ನು ಸಂಪರ್ಕಿಸಿ ಮನೆ ನೋಡುವ ದಿನ ಕೇಳಿ ಪಡೆಯಬೇಕು. ಬ್ಯಾಂಕಿನ ಬಳಿ ಇರುವುದು ಭೌತಿಕ ಸ್ವಾಧೀನವೋ, ಕೇವಲ ಸಾಂಕೇತಿಕ ಸ್ವಾಧೀನವೋ ಎಂಬುದು ಮೊದಲ ಪ್ರಶ್ನೆ. ಸಾಂಕೇತಿಕವಾದರೆ ಒಳಗೆ ಸಾಲಗಾರರ ಕುಟುಂಬವೋ ಬಾಡಿಗೆದಾರರೋ ಇರಬಹುದು. ಅವರನ್ನು ಬಿಡಿಸಲು ಬ್ಯಾಂಕು ಜಿಲ್ಲಾಧಿಕಾರಿಗಳ ಆದೇಶ ಪಡೆಯಬೇಕಾಗಬಹುದು. ಅದಕ್ಕೆ ತಿಂಗಳುಗಳೇ ಹಿಡಿದೀತು. ಕಷ್ಟದಲ್ಲಿರುವ ಆ ಮನೆಯವರ ಬಾಗಿಲು ತಟ್ಟಿ ಒತ್ತಾಯ ಮಾಡುವುದು ಸರಿಯಲ್ಲ. ಒಳಗೆ ನೋಡಲಾಗದಿದ್ದರೆ ರಿಪೇರಿಗೆ ದೊಡ್ಡ ಮೊತ್ತ ಕಳೆದು ಬೆಲೆ ಕಟ್ಟಬೇಕು. ಇಲ್ಲವೇ ಆ ಮನೆ ಬಿಡುವುದೇ ಲೇಸು.

ಇಂಜಿನಿಯರ್ ನೋಡಬೇಕಾದದ್ದು

ಅನುಭವಿ ಸಿವಿಲ್ ಇಂಜಿನಿಯರ್ ಒಬ್ಬರನ್ನು ಶುಲ್ಕ ಕೊಟ್ಟು ಕರೆದೊಯ್ಯಬೇಕು. ಮನೆ ತೋರಿಸುವ ದಲ್ಲಾಳಿಯ ಕಡೆಯವರು ಬೇಡ.

• ತಾರಸಿ ಮತ್ತು ಸೂರು: ನೀರಿನ ಕಲೆ, ಉದುರಿದ ಗಾರೆ, ತುಕ್ಕು ಹಿಡಿದ ಕಬ್ಬಿಣ.
• ಕಂಬ, ತೊಲೆ, ಗೋಡೆ: ಗಾರೆಯ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಓರೆಯಾಗಿ ಅಗಲವಾಗುತ್ತ ಹೋದ ಬಿರುಕಾದರೆ ಪಾಯ ಕುಸಿದಿರುವ ಅನುಮಾನ.
• ವೈರಿಂಗ್, ನಲ್ಲಿ, ಮೋಟಾರು: ಬೀಗ ಹಾಕಿದ ಮನೆಯಲ್ಲಿ ಇವು ಕಳವಾಗಿರುವುದುಂಟು.
• ಸಂಪು, ಕೊಳವೆಬಾವಿ, ಒಳಚರಂಡಿ: ನೀರು ಬಿಟ್ಟು ನೋಡಬೇಕು.
• ಬಾಗಿಲು, ಕಿಟಕಿ ಚೌಕಟ್ಟು: ಗೆದ್ದಲು.
• ಅಳತೆ: ಮಂಜೂರಾದ ನಕ್ಷೆಗೂ ಕಟ್ಟಿದ ಮನೆಗೂ ಹೊಂದಾಣಿಕೆ ಇದೆಯೇ, ಮಹಡಿ ಹೆಚ್ಚಾಗಿದೆಯೇ?

ಪ್ರತಿ ದೋಷಕ್ಕೂ ಅಂದಾಜು ಖರ್ಚು ಬರೆಸಿಕೊಂಡರೆ ಎಷ್ಟರವರೆಗೆ ಬಿಡ್ ಏರಿಸಬಹುದೆಂಬುದು ತಿಳಿಯುತ್ತದೆ.

ಕಾಗದಪತ್ರದ ಪರೀಕ್ಷೆ

ಗೋಡೆ ಗಟ್ಟಿಯಿದ್ದರೆ ಸಾಲದು. ಋಣಭಾರ ಪ್ರಮಾಣಪತ್ರ, ಖಾತಾ, ಆಸ್ತಿ ತೆರಿಗೆ ಬಾಕಿ, ಅಪಾರ್ಟ್‌ಮೆಂಟ್ ಸಂಘದ ನಿರ್ವಹಣೆ ಬಾಕಿ ಎಲ್ಲವನ್ನೂ ವಿಚಾರಿಸಬೇಕು. ಹಿಂದಿನ ಮಾಲೀಕರ ವಿದ್ಯುತ್ ಬಾಕಿಯನ್ನು ನಿಯಮಾನುಸಾರ ಹೊಸ ಮಾಲೀಕರಿಂದ ಕೇಳಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಸಾಲಗಾರರು ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ದಾವೆ ಹೂಡಿದ್ದಾರೆಯೇ ಎಂಬುದನ್ನು ವಕೀಲರ ಮೂಲಕ ತಿಳಿಯಬೇಕು. ಬ್ಯಾಂಕು ಸಾಲ ಕೊಡುವಾಗ ಪತ್ರಗಳನ್ನು ನೋಡಿರುತ್ತದೆ, ನಿಜ. ಆದರೆ ಅದು ನೋಡಿದ್ದು ತನ್ನ ಸಾಲದ ಭದ್ರತೆಗಾಗಿ, ಕೊಳ್ಳುವವರಿಗಾಗಿ ಅಲ್ಲ.

ಪರೀಕ್ಷೆಗೆ ಕೊಟ್ಟ ಶುಲ್ಕ, ಆ ಮನೆ ಕೊಳ್ಳದಿದ್ದರೂ, ವ್ಯರ್ಥವಲ್ಲ. ಕೆಟ್ಟ ವ್ಯಾಪಾರದಿಂದ ಉಳಿದ ಹಣವೂ ಲಾಭವೇ. ಹರಾಜಿನ ದಿನ ಎಷ್ಟಕ್ಕೆ ನಿಲ್ಲಿಸಬೇಕೆಂಬುದನ್ನು ಹಿಂದಿನ ದಿನವೇ ಮನೆಮಂದಿಯೆಲ್ಲ ಕುಳಿತು ಬರೆದಿಟ್ಟುಕೊಳ್ಳುವುದು, ಮತ್ತು ಆ ಅಂಕಿಯನ್ನು ದಾಟದಿರುವುದು ಕ್ಷೇಮ.