ಡಿಲೀಟ್ ಮಾಡಿದ ಫೈಲ್ ಎಲ್ಲಿ ಹೋಗುತ್ತದೆ?

ಪ್ರಾಜೆಕ್ಟ್ ವರದಿ, ವಿದ್ಯಾರ್ಥಿವೇತನದ ಅರ್ಜಿಗೆಂದು ಸ್ಕ್ಯಾನ್ ಮಾಡಿಟ್ಟ ಆದಾಯ ಪ್ರಮಾಣಪತ್ರ, ಅಕ್ಕನ ಮದುವೆಯ ಫೋಟೋಗಳು ಎಲ್ಲವೂ ಇಂದು ಹೆಬ್ಬೆರಳಿನಷ್ಟು ಗಾತ್ರದ ಪೆನ್‌ಡ್ರೈವ್‌ನಲ್ಲಿ ಇರುತ್ತವೆ. ಕೈತಪ್ಪಿ ಅವು ಡಿಲೀಟ್ ಆದರೆ ಎದೆ ಧಸಕ್ಕೆನ್ನುತ್ತದೆ. ಆ ಗಾಬರಿಯಲ್ಲಿ ಮೊದಲ ಐದು ನಿಮಿಷ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ಫೈಲ್ ಮರಳಿ ಸಿಗುವುದೂ ಸಿಗದಿರುವುದೂ ಬಹುಮಟ್ಟಿಗೆ ನಿಂತಿದೆ. ಆದ್ದರಿಂದ ಡಿಲೀಟ್ ಮಾಡಿದಾಗ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯೋಣ.

ಅಳಿಯುವುದು ಹೆಸರು ಮಾತ್ರ

ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ವಿದ್ಯಾರ್ಥಿ ಬೆಂಚಿನಿಂದ ಮಾಯವಾಗುವುದಿಲ್ಲ. ಆದರೆ ಪುಸ್ತಕದ ಪ್ರಕಾರ ಆ ಜಾಗ ಖಾಲಿ. ಹೊಸಬರು ಬಂದರೆ ಅದೇ ಜಾಗವನ್ನು ಅವರಿಗೆ ಕೊಡಲಾಗುತ್ತದೆ. ಡಿಸ್ಕ್‌ನಲ್ಲಿ ನಡೆಯುವುದೂ ಇದೇ. ಯಾವ ಫೈಲ್ ಎಲ್ಲಿದೆ ಎಂದು ತಿಳಿಸುವ ಒಂದು ಪಟ್ಟಿ ಪ್ರತಿ ಡಿಸ್ಕ್‌ನಲ್ಲೂ ಇರುತ್ತದೆ. ಡಿಲೀಟ್ ಮಾಡಿದಾಗ ಬದಲಾಗುವುದು ಆ ಪಟ್ಟಿ. ಫೈಲ್‌ನ ಒಳಗಿನ ಮಾಹಿತಿ ಇದ್ದಲ್ಲೇ ಇರುತ್ತದೆ.

ಅನೇಕ ಪೆನ್‌ಡ್ರೈವ್‌ಗಳಲ್ಲಿ ಬಳಸುವ ಫ್ಯಾಟ್ 32 ಎಂಬ ವ್ಯವಸ್ಥೆಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ಡಿಲೀಟ್ ಆದ ಫೈಲ್‌ನ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ 229 ಎಂಬ ಸಂಖ್ಯೆಯನ್ನು ಬರೆಯಲಾಗುತ್ತದೆ. ತರಗತಿಯಲ್ಲಿ ನಾವು ಕಲಿಯುವ ಹೆಕ್ಸಾಡೆಸಿಮಲ್ ಪದ್ಧತಿಯಲ್ಲಿ ಅದು ಇ5. ಫೈಲ್ ಹಿಂಪಡೆಯುವ ತಂತ್ರಾಂಶಗಳಲ್ಲಿ ಕೆಲವೊಮ್ಮೆ ಮೊದಲ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆ ಕಾಣುವುದು ಇದೇ ಕಾರಣಕ್ಕೆ.

ಮೊದಲ ಕೆಲಸ: ನಿಲ್ಲಿಸುವುದು

ಖಾಲಿ ಎಂದು ಗುರುತಾದ ಜಾಗದಲ್ಲಿ ಯಾವ ಕ್ಷಣದಲ್ಲಾದರೂ ಬೇರೆ ಮಾಹಿತಿ ಬಂದು ಕೂರಬಹುದು. ಕೂತ ಮೇಲೆ ಹಳೆಯದು ಮರಳಿ ಬರುವುದಿಲ್ಲ. ಹಾಗಾಗಿ ಆ ಪೆನ್‌ಡ್ರೈವ್‌ಗೆ ಏನನ್ನೂ ಕಾಪಿ ಮಾಡಬೇಡಿ. ಕ್ಯಾಮೆರಾದ ಕಾರ್ಡ್ ಆದರೆ ಇನ್ನೊಂದು ಫೋಟೋ ತೆಗೆಯಬೇಡಿ. ಹಿಂಪಡೆಯುವ ತಂತ್ರಾಂಶವನ್ನೂ ಅದೇ ಡಿಸ್ಕ್‌ನಲ್ಲಿ ಇನ್‌ಸ್ಟಾಲ್ ಮಾಡಬೇಡಿ. ಪೆನ್‌ಡ್ರೈವ್ ಚುಚ್ಚಿದಾಗ ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ವಿಂಡೋಸ್ ಕೇಳಿದರೆ ಬೇಡವೆನ್ನಿ.

ಆಮೇಲೆ ಸುಲಭದ ಜಾಗಗಳಲ್ಲಿ ಹುಡುಕಿ. ಕಂಪ್ಯೂಟರಿನ ಡಿಸ್ಕ್‌ನಿಂದ ಡಿಲೀಟ್ ಮಾಡಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್‌ನಲ್ಲಿರುತ್ತದೆ. ಅದರ ಮೇಲೆ ಬಲ ಕ್ಲಿಕ್ ಮಾಡಿ ರಿಸ್ಟೋರ್ ಒತ್ತಿದರೆ ಸಾಕು. ಶಿಫ್ಟ್ ಕೀಲಿ ಹಿಡಿದು ಡಿಲೀಟ್ ಮಾಡಿದ್ದು ಅಲ್ಲಿಗೆ ಹೋಗುವುದಿಲ್ಲ. ಪೆನ್‌ಡ್ರೈವ್‌ನಿಂದ ಅಳಿಸಿದ್ದೂ ಸಾಮಾನ್ಯವಾಗಿ ಅಲ್ಲಿ ಸಿಗದು. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಫೈಲ್ 30 ದಿನ ಇರುತ್ತದೆ. ಗೆಳೆಯರಿಗೆ ಎಂದೋ ವಾಟ್ಸಾಪ್ ಅಥವಾ ಇಮೇಲ್ ಮಾಡಿದ್ದರೆ ಅಲ್ಲೊಂದು ಪ್ರತಿ ಸಿಕ್ಕೀತು.

ಎಲ್ಲಿಯೂ ಸಿಗದಿದ್ದರೆ ತಂತ್ರಾಂಶದ ನೆರವು ಬೇಕು. ರೆಕುವಾ ಬಳಸಲು ಸುಲಭ. ಮೈಕ್ರೋಸಾಫ್ಟ್ 2020ರಲ್ಲಿ ವಿಂಡೋಸ್ ಫೈಲ್ ರಿಕವರಿ ಎಂಬುದನ್ನು ಉಚಿತವಾಗಿ ಕೊಟ್ಟಿತು, ಆದರೆ ಅದರಲ್ಲಿ ಆದೇಶಗಳನ್ನು ಟೈಪ್ ಮಾಡಬೇಕು. ಫೋಟೋರೆಕ್ ಎಂಬ ಮುಕ್ತ ತಂತ್ರಾಂಶದ ವಿಧಾನ ಬೇರೆ. ಅದು ಪಟ್ಟಿಯನ್ನು ನೆಚ್ಚಿಕೊಳ್ಳದೆ ಡಿಸ್ಕ್‌ನ ಮಾಹಿತಿಯಲ್ಲೇ ಗುರುತು ಹುಡುಕುತ್ತದೆ. ಜೆಪೆಗ್ ಚಿತ್ರವೆಲ್ಲವೂ ಎಫ್‌ಎಫ್, ಡಿ8 ಎಂಬ ಎರಡು ಬೈಟ್‌ಗಳಿಂದಲೇ ಆರಂಭವಾಗುತ್ತದೆ. ಪಿಡಿಎಫ್‌ಗೂ ಅದರದೇ ಆರಂಭದ ಗುರುತಿದೆ. ಹೀಗೆ ಸಿಕ್ಕ ಫೈಲ್‌ಗಳಿಗೆ ಹಳೆಯ ಹೆಸರು ಇರುವುದಿಲ್ಲ, ಒಂದೊಂದಾಗಿ ತೆರೆದು ನೋಡಬೇಕು. ಯಾವ ತಂತ್ರಾಂಶವಾದರೂ ಸಿಕ್ಕ ಫೈಲ್‌ಗಳನ್ನು ಬೇರೆ ಡಿಸ್ಕ್‌ನಲ್ಲೇ ಉಳಿಸಿ. ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಮಾತ್ರ ಯಾವ ಪ್ರಯೋಗವೂ ಬೇಡ. ವಿದ್ಯುತ್ ತೆಗೆದು ತಿಳಿದವರಿಗೆ ಕೊಡಿ.

ಒಂದು ಮಿತಿ ಇದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈಗ ಎಸ್‌ಎಸ್‌ಡಿ ಇರುತ್ತದೆ. ಅಲ್ಲಿ ಟ್ರಿಮ್ ಎಂಬ ಆದೇಶವು ಡಿಲೀಟ್ ಆದ ಜಾಗ ಇನ್ನು ಬೇಡವೆಂದು ಡಿಸ್ಕ್‌ಗೆ ತಿಳಿಸುತ್ತದೆ. ಬಳಿಕ ಎಸ್‌ಎಸ್‌ಡಿ ತಾನಾಗಿಯೇ ಅದನ್ನು ಶುಚಿಗೊಳಿಸುತ್ತದೆ. ರಿಸೈಕಲ್ ಬಿನ್ ಖಾಲಿ ಮಾಡಿದ ಮೇಲೆ ಅಲ್ಲಿಂದ ಫೈಲ್ ಮರಳಿ ಸಿಗುವ ಆಸೆ ಬಹಳ ಕಡಿಮೆ.

ಬೇರೆಯವರ ಕೈಗೆ ಹೋದರೆ?

ನಮಗೆ ಮರಳಿ ಸಿಗುವ ಫೈಲ್ ಇನ್ನೊಬ್ಬರಿಗೂ ಸಿಗುತ್ತದೆ. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ 158 ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ವರದಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈಯಕ್ತಿಕ ಪತ್ರಗಳು ಸಿಕ್ಕವು.

ಮನೆಯ ಹೆಣ್ಣುಮಕ್ಕಳ ಫೋಟೋ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಇದ್ದ ಪೆನ್‌ಡ್ರೈವನ್ನು ‘ಎಲ್ಲ ಡಿಲೀಟ್ ಮಾಡಿದ್ದೇನೆ’ ಎಂದು ಯಾರಿಗೋ ಕೊಡುವ ಮೊದಲು ಇದು ನೆನಪಿರಲಿ. ಕ್ವಿಕ್ ಫಾರ್ಮ್ಯಾಟ್ ಕೂಡ ಬದಲಿಸುವುದು ಪಟ್ಟಿಯನ್ನೇ. ವಿಂಡೋಸ್‌ನಲ್ಲಿ ‘ಕ್ವಿಕ್’ ಎಂಬ ಗುರುತು ತೆಗೆದು ಫಾರ್ಮ್ಯಾಟ್ ಮಾಡಿದರೆ ಇಡೀ ಡಿಸ್ಕ್‌ನ ಮೇಲೆ ಸೊನ್ನೆಗಳನ್ನು ಬರೆಯಲಾಗುತ್ತದೆ. ಹೊತ್ತು ಹೆಚ್ಚು ಹಿಡಿದರೂ ಸಾಮಾನ್ಯ ಬಳಕೆಗೆ ಇದು ಸಾಕು. ಫೋನ್ ಮಾರುವಾಗ ಮೆಮೊರಿ ಕಾರ್ಡ್ ತೆಗೆದಿಟ್ಟುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ.

ಗೆಳೆಯನ ಪೆನ್‌ಡ್ರೈವ್‌ನಿಂದ ಫೈಲ್ ಹಿಂಪಡೆದು ಕೊಡುವವರಿಗೂ ಒಂದು ಮಾತು. ಹುಡುಕಿದ್ದು ಒಂದಾದರೆ ಕಣ್ಣಿಗೆ ಬೀಳುವುದು ನೂರು. ಅದೆಲ್ಲವೂ ಅವನು ನಂಬಿ ಒಪ್ಪಿಸಿದ ಅಮಾನತ್. ಕೇಳಿದ ಫೈಲ್ ಕೊಟ್ಟು, ನಿಮ್ಮ ಕಂಪ್ಯೂಟರಿನಲ್ಲಿ ಉಳಿದದ್ದನ್ನು ಅಳಿಸಿಬಿಡಿ.

ಇಷ್ಟೆಲ್ಲ ಪಾಡು ತಪ್ಪಿಸುವ ದಾರಿ ಸರಳ. ಮುಖ್ಯವಾದ ಫೈಲ್‌ಗೆ ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಒಂದು ಗೂಗಲ್ ಡ್ರೈವ್‌ನಂಥ ದೂರದ ಜಾಗದಲ್ಲಿ. ಪ್ರತಿ ತೆಗೆದ ಮೇಲೆ ತೆರೆಯುತ್ತದೆಯೇ ಎಂದು ಒಮ್ಮೆ ನೋಡಿ. ಪ್ರಾಜೆಕ್ಟ್ ಒಪ್ಪಿಸುವ ದಿನ ಇನ್ನೂ ದೂರವಿದ್ದರೆ ಈ ಕೆಲಸವನ್ನು ಇಂದೇ ಮುಗಿಸಬಹುದು.