ನಿಮಗಿದು ಗೊತ್ತೇ? ಊರು ಬಿಟ್ಟವರು ಊರು ಕಟ್ಟಿದರು!

ಗುಳೆ ಎಂದ ಕೂಡಲೇ ನಮಗೆ ನೆನಪಾಗುವುದು ಗಂಟುಮೂಟೆ, ಕಿಕ್ಕಿರಿದ ರೈಲು. ಆದರೆ ಹೊಟ್ಟೆಪಾಡಿಗೆ ಊರು ಬಿಟ್ಟವರು, ಕೈಯಲ್ಲಿ ಕಾಸಿಲ್ಲದವರು ಈ ಜಗತ್ತಿಗೆ ಏನೇನು ಕೊಟ್ಟಿದ್ದಾರೆ ಗೊತ್ತೇ? ಬ್ಯಾಂಕು, ಔಷಧ, ಕಾನೂನು! ಒಂದಕ್ಕಿಂತ ಒಂದು ಬೆರಗು. ಬನ್ನಿ, ನೋಡೋಣ.

ಹೊರಟವರೆಷ್ಟು?

ಇಡೀ ಜಗತ್ತೇ ವಲಸೆ ಹೊರಟಿದೆ ಅನಿಸುತ್ತದೆ, ಅಲ್ಲವೇ? ಲೆಕ್ಕ ಬೇರೆಯೇ ಹೇಳುತ್ತದೆ. ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ಬದುಕುವವರು 2024ರಲ್ಲಿ ಸುಮಾರು 30 ಕೋಟಿ ಎಂಬುದು ವಿಶ್ವಸಂಸ್ಥೆಯ ಅಂದಾಜು. ಅಂದರೆ ನೂರಕ್ಕೆ ನಾಲ್ವರೂ ಇಲ್ಲ! ಉಳಿದವರೆಲ್ಲ ಹುಟ್ಟಿದ ದೇಶದಲ್ಲೇ ಇದ್ದಾರೆ.

ನಿಜವಾದ ಓಡಾಟ ನಡೆಯುವುದು ದೇಶದ ಒಳಗೆ. 2011ರ ಜನಗಣತಿ ಪ್ರಕಾರ ನಮ್ಮಲ್ಲಿ 45 ಕೋಟಿಗೂ ಹೆಚ್ಚು ಜನ ಒಂದೂರಿಂದ ಇನ್ನೊಂದೂರಿಗೆ ಬಂದು ನೆಲೆಸಿದವರು. ಅವರಲ್ಲಿ ಮೂವರಿಗೆ ಇಬ್ಬರು ಹೆಂಗಸರು. ಹೆಚ್ಚಿನವರು ಮದುವೆಯಾಗಿ ಗಂಡನ ಊರಿಗೆ ಬಂದವರು. ಸರ್ಕಾರದ ಲೆಕ್ಕದಲ್ಲಿ ನಿಮ್ಮ ಅಜ್ಜಿಯೂ ವಲಸಿಗರೇ ಇರಬಹುದು!

ಚೀನಾದಲ್ಲಿ ಹೊಸ ವರ್ಷದ ಹಬ್ಬಕ್ಕೆ ನಗರದ ಕೂಲಿಕಾರರೆಲ್ಲ ಊರಿಗೆ ಹೊರಡುತ್ತಾರೆ. 40 ದಿನ ರೈಲು, ಬಸ್ಸು ಎಲ್ಲವೂ ತುಂಬಿ ತುಳುಕುತ್ತವೆ. 2019ರಲ್ಲಿ ಆ 40 ದಿನಗಳಲ್ಲಿ ಆದ ಪ್ರಯಾಣಗಳು ಸುಮಾರು 300 ಕೋಟಿ! ಪ್ರತಿವರ್ಷ ಇಷ್ಟು ದೊಡ್ಡದಾಗಿ ಮನುಷ್ಯರು ಓಡಾಡುವುದು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ.

ಬಡವರ ಮನೆಬಾಗಿಲಿಗೆ ಬಂದು ನಿಲ್ಲುವವರೂ ಬಡವರೇ. ಪ್ರಪಂಚದ ನಿರಾಶ್ರಿತರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿಗೆ ಆಸರೆ ಕೊಟ್ಟಿರುವುದು ಶ್ರೀಮಂತ ದೇಶಗಳಲ್ಲ, ಬಡ ಮತ್ತು ಮಧ್ಯಮ ಆದಾಯದ ದೇಶಗಳು. ಉಗಾಂಡವನ್ನೇ ನೋಡಿ. ಬಂದವರಿಗೆ ಅಲ್ಲಿ ಉಳುಮೆಗೆ ತುಂಡು ಜಮೀನು ಸಿಗುತ್ತದೆ. ದುಡಿಯುವ ಹಕ್ಕೂ ಇದೆ, ಓಡಾಡುವ ಹಕ್ಕೂ ಇದೆ!

ಕೊಲಂಬಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪಕ್ಕದ ವೆನೆಜುವೆಲಾದಿಂದ ಸುಮಾರು 17 ಲಕ್ಷ ಜನ ಬಂದು ಸೇರಿದ್ದರು. 2021ರಲ್ಲಿ ಅವರಿಗೆ ಒಂದೇ ಸಲಕ್ಕೆ 10 ವರ್ಷ ಇರಲು, ದುಡಿಯಲು ದಾರಿ ತೆರೆದು ಕೊಟ್ಟಿತು. ಹತ್ತು ವರ್ಷ!

ಮನೆಗೆ ಬರುವ ದುಡ್ಡು

2022ರಲ್ಲಿ ಹೊರದೇಶದ ಭಾರತೀಯರು ಮನೆಗೆ ಕಳಿಸಿದ ಹಣ 11,100 ಕೋಟಿ ಡಾಲರ್. ಒಂದೇ ವರ್ಷದಲ್ಲಿ 10,000 ಕೋಟಿ ಡಾಲರ್ ದಾಟಿದ ಮೊದಲ ದೇಶ ನಮ್ಮದೇ! ಈ ಹಣದಲ್ಲಿ ಅಮೆರಿಕದ ಎಂಜಿನಿಯರ್ ಸಂಬಳವಿದೆ. ಕೊಲ್ಲಿಯ ಬಿಸಿಲಲ್ಲಿ ಗಾರೆ ಕಲಸುವವನ ಬೆವರೂ ಇದೆ.

ತಜಕಿಸ್ತಾನದ ಲೆಕ್ಕ ಕೇಳಿದರೆ ಕಣ್ಣರಳುತ್ತದೆ. ಹೊರಗೆ ದುಡಿಯುವವರು ಕಳಿಸುವ ಹಣ ಆ ದೇಶದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕೂ ಹೆಚ್ಚು. ನೇಪಾಳದಲ್ಲಿ ಹೆಚ್ಚುಕಡಿಮೆ ಕಾಲು ಭಾಗ. ಶ್ರೀಮಂತ ದೇಶಗಳ ನೆರವೆಲ್ಲ ಒಟ್ಟುಗೂಡಿಸಿದರೂ ಜಗತ್ತಿನ ವಲಸಿಗರೆಲ್ಲ ಮನೆಗೆ ಕಳಿಸುವ ಹಣಕ್ಕೆ ಸಾಟಿಯಿಲ್ಲ!

ಆದರೆ ಈ ಹಣಕ್ಕೂ ಕತ್ತರಿ ಬೀಳುತ್ತದೆ. ಒಂದು ದೇಶದಿಂದ ಇನ್ನೊಂದಕ್ಕೆ 200 ಡಾಲರ್ ಕಳಿಸಿದರೆ ಸರಾಸರಿ 12 ಡಾಲರಿಗೂ ಹೆಚ್ಚು ಖರ್ಚಿಗೇ ಹೋಗುತ್ತದೆ. 2030ರೊಳಗೆ ಇದನ್ನು ನೂರಕ್ಕೆ 3ಕ್ಕಿಂತ ಕೆಳಗೆ ಇಳಿಸಬೇಕೆಂದು ವಿಶ್ವಸಂಸ್ಥೆ ಗುರಿ ಇಟ್ಟಿದೆ. ಆ ಉಳಿತಾಯ ಯಾರದ್ದು? ಬೆವರು ಸುರಿಸಿದವರದ್ದೇ!

ಮೆಕ್ಸಿಕೊದ ಜಕಾಟೆಕಾಸ್ ಪ್ರಾಂತ್ಯದವರ ಉಪಾಯ ಕೇಳಿ. ಅಮೆರಿಕದಲ್ಲಿ ದುಡಿಯುತ್ತಿದ್ದವರು ತಮ್ಮತಮ್ಮ ಊರಿನ ಸಂಘ ಕಟ್ಟಿಕೊಂಡರು. ಊರಿನ ರಸ್ತೆಗೆ, ಶಾಲೆಗೆ, ಕುಡಿಯುವ ನೀರಿಗೆ ಚಂದಾ ಎತ್ತಿದರು. ಅವರು ಒಂದು ಡಾಲರ್ ಹಾಕಿದರೆ ಊರಿನ ಆಡಳಿತದ್ದೊಂದು, ಪ್ರಾಂತ್ಯದ್ದೊಂದು, ಕೇಂದ್ರದ್ದೊಂದು! ಒಂದು ಡಾಲರ್ ನಾಲ್ಕಾಯಿತು. 2002ರಲ್ಲಿ ಈ ಯೋಜನೆ ಮೆಕ್ಸಿಕೊ ದೇಶಕ್ಕೆಲ್ಲ ಹಬ್ಬಿತು.

ಕೀನ್ಯಾದಲ್ಲಿ ನಗರಕ್ಕೆ ಹೋದವರು ಮನೆಗೆ ಹಣ ಕಳಿಸಲು ಬಸ್ ಡ್ರೈವರನ್ನೋ ಊರಿನ ಗೆಳೆಯನನ್ನೋ ನಂಬಬೇಕಿತ್ತು. 2007ರಲ್ಲಿ ಫೋನಿನಲ್ಲೇ ಹಣ ಕಳಿಸುವ ಎಂ-ಪೆಸಾ ಬಂತು. ಸ್ಮಾರ್ಟ್‌ಫೋನ್ ಬೇಡ, ಬ್ಯಾಂಕ್ ಖಾತೆ ಬೇಡ, ಗುಂಡಿ ಒತ್ತುವ ಸಾದಾ ಫೋನ್ ಸಾಕು! ಇದರಿಂದ ಸುಮಾರು 1,94,000 ಕುಟುಂಬಗಳು ಬಡತನದಿಂದ ಮೇಲೆದ್ದವು ಎಂದು 2016ರ ಒಂದು ಅಧ್ಯಯನ ಲೆಕ್ಕ ಹಾಕಿತು. ಹೆಚ್ಚು ಲಾಭವಾದದ್ದು ಹೆಂಗಸರೇ ನಡೆಸುವ ಮನೆಗಳಿಗೆ!

ದುಡಿಮೆಯ ಲೆಕ್ಕ

ಮಹಾರಾಷ್ಟ್ರದ ಬೀಡ್ ಕಡೆಯಿಂದ ಪ್ರತಿವರ್ಷ ಕಬ್ಬು ಕಡಿಯಲು ಲಕ್ಷಗಟ್ಟಲೆ ಜನ ಹೊರಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಕಾರ್ಖಾನೆಗಳಿಗೂ ಬರುತ್ತಾರೆ. ಅವರನ್ನು ಎಣಿಸುವ ಕ್ರಮ ಏನು ಗೊತ್ತೇ? ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ‘ಕೊಯ್ತಾ’, ಅಂದರೆ ಒಂದು ಕುಡುಗೋಲು. ಮುಂಗಡ ಕೊಡುವುದು ಜೋಡಿಗೆ. ಮೈ ಸರಿಯಿಲ್ಲವೆಂದು ಒಂದು ದಿನ ತಪ್ಪಿಸಿದರೆ ದಂಡ. ನಮ್ಮ ಚಹಾದ ಸಕ್ಕರೆಯಲ್ಲಿ ಎರಡು ಜೀವದ ದುಡಿಮೆ ಒಂದಾಗಿ ಕರಗಿರುತ್ತದೆ!

ಸೂರತ್ತಿನ ವಿದ್ಯುತ್ ಮಗ್ಗಗಳಲ್ಲಿ ಒಡಿಶಾದ ಗಂಜಾಂ ಜಿಲ್ಲೆಯವರು ಲಕ್ಷಗಟ್ಟಲೆ ದುಡಿಯುತ್ತಾರೆ. ಪಾಳಿ 12 ತಾಸಿನದು. ಉಳಿಯುವುದು ಮೆಸ್ಸಿನಲ್ಲಿ. ಹಗಲು ಪಾಳಿಯವನು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವನು ಮಲಗುತ್ತಾನೆ. ಒಬ್ಬರು ಮಲಗುವ ಜಾಗಕ್ಕೆ ಇಬ್ಬರು ಬಾಡಿಗೆದಾರರು!

1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡ ಏಳುತ್ತಿತ್ತು. ಕೂಲಿ ತಾಯಂದಿರ ಮಕ್ಕಳು ಅಲ್ಲೇ ದೂಳಿನಲ್ಲಿ ಬಿದ್ದಿದ್ದವು. ಮೀರಾ ಮಹಾದೇವನ್ ಅದನ್ನು ಕಂಡರು. ಅಲ್ಲೇ ಒಂದು ಗುಡಾರ ಹಾಕಿ ಶಿಶುವಿಹಾರ ಶುರುಮಾಡಿದರು. ಅದೇ ‘ಮೊಬೈಲ್ ಕ್ರೆಷಸ್’. ಕೆಲಸ ಎಲ್ಲಿಗೆ ಹೋದರೆ ಶಿಶುವಿಹಾರವೂ ಅಲ್ಲಿಗೇ! ಮುಂದೆ 1996ರ ಕಾನೂನು 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಜಾಗದಲ್ಲಿ ಮಕ್ಕಳಿಗೆ ಕೋಣೆ ಇರಲೇಬೇಕು ಎಂದಿತು.

ಬಡವರು ಕೊಟ್ಟ ಔಷಧ

1971. ಬಾಂಗ್ಲಾ ಯುದ್ಧ. ಸುಮಾರು 1 ಕೋಟಿ ಜನ ಗಡಿ ದಾಟಿ ಬಂದರು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ. ಡ್ರಿಪ್ ಬಾಟಲಿ ಮುಗಿಯಿತು. ಡಾ. ದಿಲೀಪ್ ಮಹಲನಬಿಸ್ ಗಟ್ಟಿ ಮನಸ್ಸು ಮಾಡಿ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ನೀರಿಗೆ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿದರು. ರೋಗಿಗಳಿಗೆ ಕುಡಿಸಿದವರು ಮನೆಯವರೇ. ಅದಕ್ಕೂ ಮುಂಚೆ ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದರು. ಆಮೇಲೆ ನಾಲ್ವರಿಗಿಂತ ಕಡಿಮೆ! ಇಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಶಕ್ತಿಯನ್ನು ಜಗತ್ತಿಗೆ ತೋರಿಸಿದ್ದು ಆ ನಿರಾಶ್ರಿತರ ಶಿಬಿರ. 2023ರಲ್ಲಿ ಮಹಲನಬಿಸ್ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಕತೆ ಅಲ್ಲಿಗೆ ನಿಲ್ಲಲಿಲ್ಲ! ಬಾಂಗ್ಲಾದೇಶದ ‘ಬ್ರಾಕ್’ ಸಂಸ್ಥೆ 1980ರ ದಶಕದಲ್ಲಿ ಮನೆಮನೆಗೆ ಹೊರಟಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಇಷ್ಟೇ ಪಾಠ. 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ತಾಯಂದಿರು ಕಲಿತರು. ಕಲಿಸಿದವರಿಗೆ ಸಂಬಳ ಹೇಗೆ ಗೊತ್ತೇ? ತಿಂಗಳು ಕಳೆದ ಮೇಲೆ ತಾಯಂದಿರಿಗೆ ಎಷ್ಟು ನೆನಪಿದೆ ಎಂದು ಪರೀಕ್ಷಿಸಿ, ಅದಕ್ಕೆ ತಕ್ಕಂತೆ!

ಕಸಕ್ಕೆ ಕಾಯಿಪಲ್ಯ, ಗುಡ್ಡಕ್ಕೆ ಎಸ್ಕಲೇಟರ್

ಬ್ರೆಜಿಲಿನ ಕುರಿಟಿಬಾ ನಗರದ ಕೊಳೆಗೇರಿಗಳ ಓಣಿಗೆ ಕಸದ ಲಾರಿ ನುಗ್ಗುತ್ತಿರಲಿಲ್ಲ. ನಗರಾಡಳಿತ ಏನು ಮಾಡಿತು? ಕಸವನ್ನು ನೀವೇ ತನ್ನಿ, ತರಕಾರಿ ಒಯ್ಯಿರಿ ಎಂದಿತು! 1991ರಿಂದ 4 ಕಿಲೋ ಒಣಕಸಕ್ಕೆ 1 ಕಿಲೋ ಹಣ್ಣು ತರಕಾರಿ. ಓಣಿ ಚೊಕ್ಕಟವಾಯಿತು, ಒಲೆಯ ಮೇಲೆ ಪಲ್ಯ ಬೆಂದಿತು, ಸುತ್ತಲ ರೈತರ ಹೆಚ್ಚುವರಿ ಬೆಳೆಯೂ ಖರ್ಚಾಯಿತು.

ಕೊಲಂಬಿಯಾದ ಮೆಡೆಲಿನ್ ನಗರದಲ್ಲಿ ಹಳ್ಳಿಯ ಹಿಂಸೆಗೆ ಹೆದರಿ ಬಂದ ಎಷ್ಟೋ ಜನ ಗುಡ್ಡದ ಮೇಲೆ ಗೂಡು ಕಟ್ಟಿಕೊಂಡಿದ್ದರು. ದಿನವೂ 28 ಮಹಡಿ ಹತ್ತಿಳಿದಷ್ಟು ಮೆಟ್ಟಿಲು! 2011ರಲ್ಲಿ ನಗರ ಆ ಬಡಾವಣೆಗೆ ಬಯಲಿನಲ್ಲೇ ಎಸ್ಕಲೇಟರ್ ಹಾಕಿಸಿತು. ಮಾಲಿಗಲ್ಲ, ವಿಮಾನ ನಿಲ್ದಾಣಕ್ಕಲ್ಲ, ಕೊಳೆಗೇರಿಗೆ! ಅದೂ ಪುಕ್ಕಟೆ.

ಹಕ್ಕು ಬಂದ ದಾರಿ

ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನ ತಮ್ಮದೇ ದೇಶದ ನಗರದಲ್ಲಿ ಅನುಮತಿ ಇಲ್ಲದೆ 72 ತಾಸಿಗಿಂತ ಹೆಚ್ಚು ಇರುವಂತಿರಲಿಲ್ಲ! ಪಾಸು ಸದಾ ಕಿಸೆಯಲ್ಲಿರಬೇಕು. ಈ ಪಾಸನ್ನು ವಿರೋಧಿಸಿ 1956ರ ಆಗಸ್ಟ್ 9ರಂದು ಸುಮಾರು 20,000 ಹೆಂಗಸರು ಪ್ರಿಟೋರಿಯಾದ ಸರ್ಕಾರಿ ಭವನದ ಮುಂದೆ ಸೇರಿದರು. ಪ್ರಧಾನಿಯ ಕಚೇರಿಗೆ ಸಹಿ ಮಾಡಿದ ಮನವಿಗಳ ರಾಶಿ ಒಪ್ಪಿಸಿ 30 ನಿಮಿಷ ಮಾತಿಲ್ಲದೆ ನಿಂತರು. ಮುಂದಾಳುಗಳಲ್ಲಿ ಭಾರತೀಯ ಮೂಲದ ರಹಿಮಾ ಮೂಸಾ ಕೂಡ ಇದ್ದರು! ಆ ದಿನ ಈಗ ಅಲ್ಲಿನ ಮಹಿಳಾ ದಿನ.

ಅಹಮದಾಬಾದಿನ ಬಟ್ಟೆ ಮಾರುಕಟ್ಟೆಯಲ್ಲಿ ತಲೆಹೊರೆ ಹೊರುತ್ತಿದ್ದ ಹೆಂಗಸರು, ಇಳಾ ಭಟ್ ಜತೆಗೂಡಿ ಸಂಘ ನೋಂದಾಯಿಸಲು ಹೋದರು. ಮಾಲೀಕನೇ ಇಲ್ಲದ ಮೇಲೆ ಸಂಘ ಹೇಗೆ ಎಂಬ ತಕರಾರು ಎದ್ದಿತು. ಪಟ್ಟು ಬಿಡದೆ 1972ರಲ್ಲಿ ‘ಸೇವಾ’ ಕಟ್ಟಿದರು. ಎರಡೇ ವರ್ಷಕ್ಕೆ 4,000 ಹೆಂಗಸರು ತಲಾ 10 ರೂಪಾಯಿ ಹಾಕಿ ಸ್ವಂತ ಬ್ಯಾಂಕನ್ನೇ ತೆರೆದರು! ಅನೇಕರಿಗೆ ಸಹಿ ಹಾಕಲು ಬಾರದು. ಹಾಗಾದರೆ? ಪಾಸ್‌ಬುಕ್ಕಿಗೆ ಫೋಟೋ ಅಂಟಿಸಿದರು. ಮುಖವೇ ಸಹಿ!

ನಮ್ಮ ಮಾಹಿತಿ ಹಕ್ಕು ಹುಟ್ಟಿದ್ದು ದೆಹಲಿಯ ಕಚೇರಿಯಲ್ಲಲ್ಲ. ರಾಜಸ್ಥಾನದ ಹಳ್ಳಿಗಳಲ್ಲಿ ಬರಗಾಲದ ಕೂಲಿ ಸರಿಯಾಗಿ ಕೈಗೆ ಬರುತ್ತಿರಲಿಲ್ಲ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ಊರ ನಡುವೆ ಜನರನ್ನು ಸೇರಿಸಿ ಹಾಜರಿ ಪಟ್ಟಿ ಗಟ್ಟಿಯಾಗಿ ಓದಿಸಿತು. ಸತ್ತವರ ಹೆಸರಲ್ಲೂ ಕೂಲಿ ಬಟವಾಡೆ! 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ. 2005ರಲ್ಲಿ ಇಡೀ ದೇಶಕ್ಕೆ ಕಾನೂನು. ಕೂಲಿ ಕೇಳಿದವರು ನಮಗೆಲ್ಲ ಪ್ರಶ್ನೆ ಕೇಳುವ ಹಕ್ಕು ಕೊಟ್ಟರು!

ಬರ ಬಿದ್ದಾಗ ಗುಳೆ ಹೋಗದಂತೆ ಊರಲ್ಲೇ ಕೆಲಸ ಕೊಡಬೇಕು. ಉದ್ಯೋಗ ಖಾತ್ರಿಯ ಈ ಯೋಚನೆ 1970ರ ದಶಕದ ಮಹಾರಾಷ್ಟ್ರದ್ದು. ದುಡ್ಡು ಎಲ್ಲಿಂದ? 1975ರಲ್ಲಿ ವೃತ್ತಿ ತೆರಿಗೆ ಹಾಕಿದರು. ಮುಂಬೈನ ಪಗಾರದಾರರು ಕೊಟ್ಟ ತೆರಿಗೆ ಹಳ್ಳಿಯ ಕೂಲಿಯಾಯಿತು! 2005ರಲ್ಲಿ ಅದೇ ಯೋಚನೆ ದೇಶದ ಕಾನೂನಾಗಿ, ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ ಕೇಳುವ ಹಕ್ಕು ಬಂತು.

ಈಗ ನಮ್ಮ ನಾಡಿಗೆ ಬನ್ನಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಕಿಡಿ ಹೊತ್ತಿಸಿದ್ದು ಏನು? ಗೇಣಿ ಭತ್ತ ಅಳೆಯುವ ಕೊಳಗ! ಒಡೆಯರ ಕೊಳಗ ದೊಡ್ಡದು ಎಂಬುದೇ ತಕರಾರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು.

ಆಮೇಲೆ ಮುಖ್ಯಮಂತ್ರಿ ದೇವರಾಜ ಅರಸು ಕಾಲ. 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವರಿಗೆ ಒಡೆತನ ಕೊಡಲು ಭೂ ನ್ಯಾಯಮಂಡಳಿಗಳು ಬಂದವು. ಅದರಲ್ಲೊಂದು ಸೋಜಿಗದ ನಿಯಮವಿತ್ತು: ಅಲ್ಲಿ ವಕೀಲರು ವಾದ ಮಾಡುವಂತಿರಲಿಲ್ಲ! ದುಡ್ಡಿದ್ದವರು ದೊಡ್ಡ ವಕೀಲರನ್ನು ಕರೆತಂದರೆ ಬಡ ಗೇಣಿದಾರನ ಗತಿ ಏನು? ಅದಕ್ಕೇ ಈ ಕಟ್ಟು.

ಇಂದಿಗೂ ಉಳಿದದ್ದು

ಮನೆಗೆಲಸದವರಿಗೂ ವಾರಕ್ಕೊಂದು ರಜೆ, ಸರಿಯಾದ ಕೂಲಿ ಬೇಕು ಎಂಬ ಅಂತರರಾಷ್ಟ್ರೀಯ ಒಪ್ಪಂದ ಬಂದದ್ದು 2011ರಲ್ಲಿ. ಮೊದಲು ಒಪ್ಪಿ ಜಾರಿಗೆ ಮುಂದಾದವರು ಯಾರು? ಅಮೆರಿಕವಲ್ಲ, ಬ್ರಿಟನ್ ಅಲ್ಲ. ಪುಟ್ಟ ಉರುಗ್ವೆ! ಎರಡನೆಯದು ಫಿಲಿಪ್ಪೀನ್ಸ್.

2020ರ ಲಾಕ್‌ಡೌನಿನಲ್ಲಿ ಊರಿಗೆ ನಡೆದವರು ನೆನಪಿದ್ದಾರಲ್ಲ? ಅವರಿಗಾಗಿ ಮೊದಲ ಶ್ರಮಿಕ ರೈಲು ತೆಲಂಗಾಣದ ಲಿಂಗಂಪಲ್ಲಿಯಿಂದ ಜಾರ್ಖಂಡಿಗೆ ಹೊರಟ ದಿನ ಮೇ 1. ಕಾರ್ಮಿಕರ ದಿನ! ಮುಂದೆ ಇಂಥ 4,000ಕ್ಕೂ ಹೆಚ್ಚು ರೈಲುಗಳು ಓಡಿದವು.

ಬೀದರಿನ ಪಡಿತರ ಚೀಟಿಗೆ ಮುಂಬೈಯಲ್ಲೂ ಅಕ್ಕಿ ಸಿಗುತ್ತದೆ, ಗೊತ್ತೇ? ದುಡಿಯಲು ಹೋದವರು ಅಲ್ಲಿ ತಮ್ಮ ಪಾಲು ತೆಗೆದುಕೊಳ್ಳಬಹುದು, ಊರಲ್ಲಿ ಉಳಿದವರು ಇಲ್ಲಿ ತಮ್ಮ ಪಾಲು. ಚೀಟಿ ಒಂದೇ! 2022ರ ಹೊತ್ತಿಗೆ ಎಲ್ಲ ರಾಜ್ಯಗಳೂ ಈ ವ್ಯವಸ್ಥೆಗೆ ಸೇರಿದವು.

ಕೊನೆಯದು ನೇರ ನಿಮಗೇ. ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ 1ರಂತೆ ಕಾರ್ಮಿಕ ಸೆಸ್ ವಸೂಲಿ ಮಾಡಬೇಕೆಂದು 1996ರಲ್ಲೇ ಕಾನೂನಾಯಿತು. ಸಣ್ಣ ಮನೆಗಳಿಗಷ್ಟೇ ವಿನಾಯಿತಿ. ಆ ಹಣ ಸೇರುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ. ಮಕ್ಕಳ ಓದಿಗೆ, ಹೆರಿಗೆಗೆ, ಮದುವೆಗೆ ಅಲ್ಲಿಂದ ಸಹಾಯಧನವಿದೆ. ಆದರೆ ಕಾರ್ಡ್ ಮಾಡಿಸಿದವರಿಗೆ ಮಾತ್ರ! ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ಅರ್ಜಿ ಹಾಕಬಹುದು. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ನಿಮ್ಮ ಬೀದಿಯಲ್ಲಿ ಮನೆ ಏಳುತ್ತಿದೆಯೇ? ಇವತ್ತೇ ಹೋಗಿ ಕೇಳಿ: “ಅಣ್ಣಾ, ಅಕ್ಕಾ, ಲೇಬರ್ ಕಾರ್ಡ್ ಮಾಡಿಸಿದ್ದೀರಾ?”