ಬಿಲ್ಲಿ ಹಾಲಿಡೇ: ಎಲ್ಲಿಂದ ಕೇಳಲು ಶುರು ಮಾಡಬೇಕು

ಜಾಝ್ ಹಾಡುಗಾರಿಕೆಯ ರುಚಿ ನೋಡೋಣವೆಂದು ಬಿಲ್ಲಿ ಹಾಲಿಡೇ ಹೆಸರು ಹುಡುಕಿದವರಿಗೆ ಹೆಚ್ಚಾಗಿ ಎದುರಾಗುವುದು ಎರಡು: 1939ರ ‘ಸ್ಟ್ರೇಂಜ್ ಫ್ರೂಟ್’ ಹಾಡು, ಇಲ್ಲವೇ 1958ರ ‘ಲೇಡಿ ಇನ್ ಸ್ಯಾಟಿನ್’ ಆಲ್ಬಮ್. ಎರಡೂ ದೊಡ್ಡವೇ. ಆದರೆ ಅಲ್ಲಿಂದ ಶುರು ಮಾಡಬೇಡಿ. ನೊಂದ ಹೆಂಗಸಿನ ಚಿತ್ರವೊಂದೇ ಮನಸ್ಸಿನಲ್ಲಿ ಕೂತುಬಿಟ್ಟರೆ ಆಕೆಯ ಲಯದ ಆಟ ಕಿವಿಗೆ ಬೀಳುವುದೇ ಇಲ್ಲ.

ಪಿಯಾನೋ ವಾದಕ ಟೆಡ್ಡಿ ವಿಲ್ಸನ್ ಜೊತೆ 1935ರಿಂದ ಮಾಡಿದ ಧ್ವನಿಮುದ್ರಿಕೆಗಳನ್ನು ಮೊದಲು ಕೇಳಿ. ಆಗ ಆಕೆಗೆ ಇಪ್ಪತ್ತರ ಪ್ರಾಯ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಅಷ್ಟರಲ್ಲೇ ವಾದ್ಯಗಾರರಿಗೂ ಪಾಲು ಸಿಗಬೇಕು. ಹಾಗಾಗಿ ಹಾಡು ಶುರುವಾಗಿ ಎಷ್ಟೋ ಹೊತ್ತಾದರೂ ಆಕೆಯ ದನಿ ಬರದಿದ್ದರೆ ಮುಂದಕ್ಕೆ ಓಡಿಸಬೇಡಿ.

1937ರ ಜನವರಿಯ ‘ದಿಸ್ ಇಯರ್ಸ್ ಕಿಸಸ್’ ತೆಗೆದುಕೊಳ್ಳಿ. ಮೊದಲು ಲೆಸ್ಟರ್ ಯಂಗ್ ಟೆನರ್ ಸ್ಯಾಕ್ಸೊಫೋನಿನಲ್ಲಿ ಧಾಟಿಯನ್ನು ನುಡಿಸುತ್ತಾನೆ, ಆಮೇಲೆ ಬಿಲ್ಲಿ. ಒಂದು ಸಲ ಸುಮ್ಮನೆ ಕೇಳಿ. ಎರಡನೇ ಸಲ ತೊಡೆಯ ಮೇಲೆ ತಾಳ ಹಾಕಿ: ಒಂದು, ಎರಡು, ಮೂರು, ನಾಲ್ಕು. ಬಾಸ್, ಗಿಟಾರ್, ಡ್ರಮ್ ನಿಮ್ಮ ಕೈಯ ಜೊತೆಗೇ ಬರುತ್ತವೆ. ಆಕೆ ಬರುವುದಿಲ್ಲ. ಕೈ ಬಿದ್ದು ಒಂದು ಚೂರು ಕಳೆದ ಮೇಲೆ ಪದ ಬಂದು ಕೂರುತ್ತದೆ. ತಾಳ ತಪ್ಪಿತೇನೋ ಅನ್ನಿಸುವಷ್ಟರಲ್ಲಿ ಸಾಲಿನ ಕೊನೆ ನೆಟ್ಟಗೆ ಬಂದು ಸೇರಿರುತ್ತದೆ. ಕರ್ನಾಟಕ ಸಂಗೀತದ ಕಛೇರಿ ಕೇಳುವವರಿಗೆ ಅನಾಗತ ಎಡುಪು, ಅಂದರೆ ತಾಳದ ಪೆಟ್ಟು ಬಿದ್ದ ಮೇಲೆ ಹಾಡು ಎತ್ತಿಕೊಳ್ಳುವುದು, ನೆನಪಾಗಬಹುದು. ಅಲ್ಲಿ ತಡಕ್ಕೆ ಒಂದು ಲೆಕ್ಕವಿದೆ. ಇಲ್ಲಿ ಅದು ಮಾತಿನ ಎಳೆತ, ಯಾರೋ ಯೋಚಿಸಿ ಯೋಚಿಸಿ ಉತ್ತರ ಕೊಟ್ಟ ಹಾಗೆ.

ಇನ್ನೊಂದು ಗಮನಿಸಿ. ಆಕೆಯ ದನಿಯ ವ್ಯಾಪ್ತಿ ಒಂದು ಸ್ಥಾಯಿಗಿಂತ ತುಸು ಹೆಚ್ಚು, ಅಷ್ಟೇ. ಬರೆದ ಧಾಟಿ ಮೇಲೇರುವ ಕಡೆ ಎಷ್ಟೋ ಸಲ ಆಕೆ ಏರುವುದಿಲ್ಲ. ಎರಡು ಮೂರು ಸ್ವರಗಳ ಆಸುಪಾಸಿನಲ್ಲೇ ನಿಂತು ಪದಕ್ಕೆ ಒತ್ತು ಕೊಡುತ್ತಾಳೆ. ಸಾಧಾರಣ ಸಿನಿಮಾ ಹಾಡೂ ಆಗ ಯಾರೋ ನಮ್ಮೆದುರು ಕೂತು ಹೇಳಿದ ಮಾತಾಗುತ್ತದೆ.

ವಿಲ್ಸನ್ ಜೊತೆಗಿನ ಹತ್ತು ಹಾಡು ಕಿವಿಗೆ ಒಗ್ಗಿದ ಮೇಲೆ, ಪಿಟೀಲು ಮೇಳದ ಜೊತೆಗಿನ 1944ರ ‘ಲವರ್ ಮ್ಯಾನ್’ ಕೇಳಿ. ಆನಂತರ ‘ಸ್ಟ್ರೇಂಜ್ ಫ್ರೂಟ್’. ಗುಂಪು ಸೇರಿ ಕರಿಯರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಅಮೆರಿಕದ ಹಾಡು ಅದು. ಆಕೆಯ ಕಂಪನಿ ಕೊಲಂಬಿಯಾ ಒಲ್ಲೆ ಅಂದದ್ದಕ್ಕೆ ಸಣ್ಣ ಕಮೊಡೋರ್ ಕಂಪನಿ ಮುದ್ರಿಸಿತು. ಬೇರೆ ಕೆಲಸ ಮಾಡುತ್ತಾ ಅದನ್ನು ಕೇಳಬೇಡಿ.

‘ಲೇಡಿ ಇನ್ ಸ್ಯಾಟಿನ್’ ಹೊತ್ತಿಗೆ ದನಿ ಒಡೆದಿದೆ. ಮತ್ತೆ ತಾಳ ಹಾಕಿ ನೋಡಿ: ಪದಗಳು ಈಗಲೂ ಹಾಗೇ ತಡವಾಗಿ, ತಮ್ಮ ಜಾಗದಲ್ಲೇ ಬಂದು ಬೀಳುತ್ತವೆ.

ಕೊನೆಗೆ 1957ರ ಡಿಸೆಂಬರಿನಲ್ಲಿ ಸಿಬಿಎಸ್ ಟಿವಿಯಲ್ಲಿ ಬಂದ ‘ಫೈನ್ ಅಂಡ್ ಮೆಲೋ’ ವಿಡಿಯೊ ನೋಡಿ. ಲೆಸ್ಟರ್ ಯಂಗ್ ಎದ್ದು ಹನ್ನೆರಡು ಆವರ್ತಗಳ ಒಂದೇ ಒಂದು ಸುತ್ತು ನುಡಿಸುತ್ತಾನೆ, ಕೆಲವೇ ಸ್ವರ. ಆಗ ಸ್ಯಾಕ್ಸೊಫೋನ್ ನೋಡಬೇಡಿ, ಬಿಲ್ಲಿಯ ಮುಖ ನೋಡಿ. ಪ್ರತಿ ಸ್ವರಕ್ಕೂ ಆಕೆ ಮೆಲ್ಲಗೆ ತಲೆಯಾಡಿಸುತ್ತಿದ್ದಾಳೆ.